ಸೋಂಕು ಬಂದವನ ಜೊತೆಗಿದ್ದ ಹುಡುಗನನ್ನು ಎಷ್ಟು ದಿನ ದೂರ ಇಡಬೇಕು?



ಜ್ವರ ಬಂದ ಹುಡುಗನನ್ನು ಕೆಲಸಕ್ಕೆ ಕರೆಯಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು ಜ್ವರದವನ ಜೊತೆ ಮಲಗೆದ್ದು ಇನ್ನೂ ಗಟ್ಟಿಮುಟ್ಟಾಗಿರುವ ಹುಡುಗನ ವಿಷಯದಲ್ಲಿ. ಅಂಥವನಿಗೆ ಸಂಬಳ ಕೊಟ್ಟು ಸುಮ್ಮನೆ ಕೂರಿಸಲು ಯಾವ ಮಾಲಿಕನ ಮನಸ್ಸೂ ಒಪ್ಪುವುದಿಲ್ಲ. ನನಗೂ ಒಪ್ಪಲಿಲ್ಲ.

2020ರ ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಅರ್ಧದಷ್ಟು ಗಿರಾಕಿಗಳನ್ನು ಕೂರಿಸಲು ಅನುಮತಿ ಸಿಕ್ಕಿತ್ತು. ಆರು ತಿಂಗಳು ಪಾರ್ಸೆಲ್ ನಂಬಿ ಕುಳಿತವರಿಗೆ ಅದೇ ದೀಪಾವಳಿ. ಆ ತಿಂಗಳಲ್ಲೇ ನಮ್ಮ ದೋಸೆ ಮಾಡುವ ಹುಡುಗ ಊರಿನ ಗೆಳೆಯನ ರೂಮಿನಲ್ಲಿ ಒಂದು ರಾತ್ರಿ ಉಳಿದು ಬಂದ. ಮೂರನೇ ದಿನ ಆ ಗೆಳೆಯನಿಗೆ ಕೊರೊನಾ ಎಂದು ಫೋನು ಬಂತು. ಕೂಡಲೇ ಇವನ ಪರೀಕ್ಷೆ ಮಾಡಿಸಿದೆ, ನೆಗೆಟಿವ್. 14 ದಿನ ಬೇರೆ ಇಡಬೇಕೆಂಬ ನಿಯಮ ಗೊತ್ತಿತ್ತು. ಆದರೆ ದೋಸೆಗೆ ಬೇರೆ ಜನ ಇರಲಿಲ್ಲ, ಮರುದಿನವೇ ಕೆಲಸಕ್ಕೆ ಹಚ್ಚಿದೆ. ಮೂರು ದಿನದಲ್ಲಿ ಅವನಿಗೆ ಜ್ವರ, ಬೆನ್ನಿಗೇ ರೂಮಿನ ನಾಲ್ವರಿಗೆ. ನಮ್ಮ ಹಳೆಯ ಭಟ್ಟರು ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಬದುಕಿ ಬಂದರು. ಅವರ ಮನೆಯವರ ಫೋನು ಎತ್ತಲು ನನಗೆ ಮುಖವಿರಲಿಲ್ಲ.

ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ವೈರಸ್ ಮೈಹೊಕ್ಕ ಕೂಡಲೇ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಮೂಗು ಗಂಟಲಿನಲ್ಲಿ ಅದು ಹೆಚ್ಚಬೇಕು. ನಾನು ಮಾಡಿದ್ದು ಹಿಟ್ಟು ರುಬ್ಬಿದ ಕೂಡಲೇ ಹುಳಿ ಬಂತೇ ಎಂದು ನೋಡಿದ ಹಾಗಾಯಿತು. ಆಗಿನ ಕೊರೊನಾ ಲಕ್ಷಣ ತೋರಿಸಲು ಸಾಮಾನ್ಯವಾಗಿ 5 ದಿನ, ಕೆಲವರಲ್ಲಿ 14 ದಿನದವರೆಗೂ ತೆಗೆದುಕೊಳ್ಳುತ್ತಿತ್ತು. ಅದಕ್ಕೇ 14ರ ಲೆಕ್ಕ. ಜ್ವರ ಬರುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡುತ್ತದೆ. ಆದ್ದರಿಂದ ಜ್ವರ ಬಂದ ಮೇಲೆ ಬೇರೆ ಇಟ್ಟರೆ ತಡವಾಯಿತೆಂದೇ ಅರ್ಥ.

'ಮನೆಯಲ್ಲೇ ಇರಿ' ಎಂದರು. ನಮ್ಮ ಹುಡುಗರಿಗೆ ಮನೆ ಎಂದರೆ ಹತ್ತು ಹಾಸಿಗೆ, ಒಂದು ಬಚ್ಚಲು. 2021ರ ಎರಡನೇ ಅಲೆಯಲ್ಲಿ ನಾನು ಮೇಲಿನ ಸಾಮಾನಿನ ಕೋಣೆ ಖಾಲಿ ಮಾಡಿಸಿದೆ. ಕಿಟಕಿ ಸದಾ ತೆರೆದಿತ್ತು. ಊಟ ಬಾಗಿಲ ಹೊರಗೆ, ತಟ್ಟೆ ಲೋಟ ಬೇರೆ. ಬಚ್ಚಲಿಗೆ ಎಲ್ಲರದ್ದೂ ಆದ ಮೇಲೆ ಮಾಸ್ಕ್ ಹಾಕಿ ಹೋಗಿ, ತಾನೇ ತೊಳೆದು ಬರಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆ.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪೂರ್ತಿ ಸಂಬಳ. ಮೊದಲು ಅರ್ಧ ಕಡಿಯುತ್ತಿದ್ದೆ. ಊರಿಗೆ ಹಣ ಕಳುಹಿಸಬೇಕಾದ ಹುಡುಗ ಆಗ ಕೆಮ್ಮನ್ನೂ ಅಡಗಿಸುತ್ತಿದ್ದ. ಕಡಿಯುವುದಿಲ್ಲವೆಂದ ಮೇಲೆ ಕ್ಲೀನರ್ ಹುಡುಗನೊಬ್ಬ ತಾನಾಗಿ ಬಂದು, "ಅಣ್ಣಾ, ನಮ್ಮ ಭಾವನಿಗೆ ಪಾಸಿಟಿವ್ ಅಂತೆ, ನಿನ್ನೆ ಅಲ್ಲೇ ಊಟ ಮಾಡಿದ್ದೆ" ಎಂದ. ಅವನಿಗೆ ಆರನೇ ದಿನ ಜ್ವರ ಬಂತು. ಬೇರೆ ಯಾರಿಗೂ ಬರಲಿಲ್ಲ.

ಕೊರೊನಾದ ಆ ನಿಯಮಗಳು ಈಗಿಲ್ಲ. ಆದರೆ ಹುಡುಗರ ರೂಮಿಗೆ ಚಿಕನ್‌ಪಾಕ್ಸ್ ಈಗಲೂ ಬರುತ್ತದೆ. ಅದರ ಲೆಕ್ಕ ಇನ್ನೂ ಉದ್ದ, ಜೊತೆಗಿದ್ದವನಿಗೆ 10ರಿಂದ 21 ದಿನದೊಳಗೆ ಗುಳ್ಳೆ ಏಳುತ್ತದೆ. ಇದೂ ಗುಳ್ಳೆಗೆ ಒಂದೆರಡು ದಿನ ಮೊದಲೇ ಹರಡುತ್ತದೆ. ಹಾಗಾಗಿ 8ನೇ ದಿನದಿಂದ 21ರವರೆಗೆ ಅವನನ್ನು ಅಡುಗೆಮನೆಯಿಂದ, ಗಿರಾಕಿಗಳಿಂದ ದೂರ ಇಡುವುದು ಒಳ್ಳೆಯದು. ಮೊದಲೇ ಒಮ್ಮೆ ಬಂದು ಹೋದವನಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅವನು ಕೆಲಸ ಮಾಡಬಹುದು. ನಮ್ಮಲ್ಲಿ ಹೊಸ ಹುಡುಗ ಸೇರುವಾಗಲೇ ಊರಿಗೆ ಫೋನು ಮಾಡಿಸಿ, ತಾಯಿಯನ್ನು ಕೇಳಿ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದಿಡುತ್ತೇವೆ.