ಮಂಗನ ಕಾಯಿಲೆ ತಡೆಗೆ ನೆರೆಯವರ ನೆರವು



ಭತ್ತದ ಕೊಯಿಲು ಮುಗಿದು ಎಲೆ ಉದುರುವ ಕಾಲ ಬಂತೆಂದರೆ ಮಲೆನಾಡಿನ ಕಾಡಂಚಿನ ಹಳ್ಳಿಗಳಲ್ಲಿ ಅಂಜಿಕೆ ಹುಟ್ಟುತ್ತದೆ. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ದನಗಳಿಗೆ ಮೇವು ಬೇಕೇ ಬೇಕು. ಕಾಡಿಗೆ ಹೋಗದೆ ವಿಧಿಯಿಲ್ಲ. ಆದರೆ ಮಂಗನ ಕಾಯಿಲೆ ಹರಡುವ ಉಣ್ಣೆಯೂ ಅಲ್ಲಿಯೇ ಇರುತ್ತದೆ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಈ ರೋಗ ಮುಂದೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ನೆರೆ ರಾಜ್ಯಗಳಲ್ಲೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಪ್ರಾಣ ಕಳೆದುಕೊಂಡರು. ರೋಗ ತಗುಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುವ ಸಂಭವವಿದೆ. ಇದಕ್ಕೆಂದೇ ಔಷಧಿ ಇಲ್ಲ. 1990ರ ದಶಕದಿಂದ ಕೊಡುತ್ತಿದ್ದ ಲಸಿಕೆಯನ್ನು, ಅದರ ರಕ್ಷಣೆ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ. ಈ ಕೆಲಸ ಸರ್ಕಾರಿ ನೌಕರರೊಬ್ಬರಿಂದಲೇ ಆಗತಕ್ಕದ್ದಲ್ಲ.

ಕಿಟಕಿಯ ಮೇಲಿನ ಶೀಶೆ

ಒಂದು ಊರಿನಲ್ಲಿ ಆರೋಗ್ಯ ಸಿಬ್ಬಂದಿಯ ಜೊತೆ ನಾನೂ ಸಭೆ ನಡೆಸಿದೆ. ಉಣ್ಣೆ ನಿವಾರಕ ಎಣ್ಣೆಯ ಬಗ್ಗೆ ಒಂದು ಗಂಟೆ ಮಾತನಾಡಿದೆವು. ಎಲ್ಲರೂ ತಲೆದೂಗಿದರು. ವಾರದ ನಂತರ ಹೋಗಿ ನೋಡಿದರೆ ಶೀಶೆಗಳು ಮುಚ್ಚಳ ತೆರೆಯದೆ ಕಿಟಕಿಯ ಮೇಲೆ ಕುಳಿತಿದ್ದವು. ದರಗು ತರುವ ಹೆಂಗಸೊಬ್ಬರು ನೇರವಾಗಿ ಹೇಳಿದರು: "ಸಾರ್, ಅದನ್ನ ಹಚ್ಚಿದ್ರೆ ಮೈಯೆಲ್ಲ ಅಂಟಂಟು, ಬೆವರಿಗೆ ಧೂಳು ಮೆತ್ತುತ್ತೆ. ನೀವು ಒಂದು ದಿನ ನಮ್ ಜೊತೆ ಬಂದು ದರಗು ಗುಡಿಸಿ ನೋಡಿ."

ಆಗ ಮಾತಾಡಿದವರು, ಹಿಂದಿನ ವರ್ಷ ಇದೇ ಜ್ವರದಿಂದ ಬದುಕಿ ಬಂದಿದ್ದ ಮತ್ತೊಬ್ಬ ಹೆಂಗಸು. "ಅಂಟಾದ್ರೆ ಸ್ನಾನಕ್ಕೆ ಹೋಗುತ್ತೆ ಅಕ್ಕಾ. ಆ ಜ್ವರ ಹಾಗೆ ಹೋಗಲ್ಲ" ಎಂದರು. ಮಾರನೆಯ ದಿನದಿಂದ ಅವರು ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ದಣಪೆ ದಾಟುವ ಮುನ್ನ ಎಲ್ಲರ ಎದುರಿಗೆ ಕೈಕಾಲಿಗೆ ಹಚ್ಚಿಕೊಂಡು ಪಕ್ಕದವರಿಗೆ ಕೊಡುತ್ತಿದ್ದರು. ನಮ್ಮ ಭಾಷಣದಿಂದ ಆಗದ್ದು ಅವರಿಂದ ಆಯಿತು.

ಇದು ನಮಗೆ ಹೊಸದಲ್ಲ. ಹೊಸ ತಳಿಯನ್ನು ಅಧಿಕಾರಿ ಹೊಗಳಿದರೆ ರೈತ ನಂಬುವುದಿಲ್ಲ, ಪಕ್ಕದ ಗದ್ದೆಯ ತೆನೆ ಕಂಡರೆ ನಂಬುತ್ತಾನೆ.

ಜೊತೆಗಾರರನ್ನು ಆರಿಸುವ ಬಗೆ

ನಿಮ್ಮ ಕೇರಿಗೆ ಇಬ್ಬರನ್ನಾದರೂ ಆರಿಸಿಕೊಳ್ಳಿರಿ. ಭಾಷಣ ಮಾಡಬಲ್ಲವರಿಗಿಂತ ದಿನವೂ ಕಾಡಿಗೆ ಹೋಗುವವರು ಮೇಲು. ದನ ಕಾಯುವವರು, ದರಗು ತರುವ ಹೆಂಗಸರು, ತೋಟದ ಕೂಲಿಯವರು, ಕಾಯಿಲೆಯಿಂದ ಗುಣವಾದವರು ಇರಲಿ. ಆಶಾ ಕಾರ್ಯಕರ್ತೆಯೊಂದಿಗೆ ಅವರೂ ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಕುಳಿತು ಮಾತನಾಡಬೇಕು. ಶೀಶೆ ಹಂಚಲು ಮಾತ್ರ ಅವರನ್ನು ಕರೆಯಬಾರದು. ಎಣ್ಣೆ ಎಷ್ಟು ಬೇಕು, ಯಾವಾಗ ಬೇಕು, ಜನ ಏಕೆ ಹಚ್ಚುತ್ತಿಲ್ಲ ಎಂಬುದು ಅವರಿಗೆ ಗೊತ್ತು. ಅವರ ಒಂದು ದಿನದ ಕೂಲಿ ತಪ್ಪಿದರೆ ಅದಕ್ಕೆ ಊರೇ ದಾರಿ ಮಾಡತಕ್ಕದ್ದು.

ಅವರು ಮಾಡಬೇಕಾದ ಕೆಲಸ

1. ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಸುವುದು. ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿಸುವುದು. ಮರಳಿದ ಮೇಲೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಮೈಗೆ ಕಚ್ಚಿದ ಉಣ್ಣೆಯನ್ನು ಬೆರಳಿನಿಂದ ಹೊಸಕಬಾರದು.

2. ಮಂಗ ಸತ್ತದ್ದು ಕಂಡರೆ ಮುಟ್ಟದೆ, ಹತ್ತಿರ ಸುಳಿಯದೆ, ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಸತ್ತ ಮಂಗನ ಮೈಯಿಂದ ಉಣ್ಣೆಗಳು ಸುತ್ತಲೂ ಇಳಿಯುತ್ತವೆ. ಅಲ್ಲಿ ಔಷಧಿ ಪುಡಿ ಉದುರಿಸುವವರೆಗೆ ದನವನ್ನೂ ಬಿಡಬಾರದು. ಅರಣ್ಯ ಇಲಾಖೆಯವರು ಏನೆನ್ನುವರೋ ಎಂದು ಅಂಜಿ ಸುದ್ದಿ ಮುಚ್ಚಿಡುವುದು ಬಹಳ ಅಪಾಯ.

3. ದಿಢೀರನೆ ಜ್ವರ, ತಲೆನೋವು, ಮೈಕೈ ನೋವು ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸುವುದು. ಅಂಗಡಿಯ ನೋವಿನ ಮಾತ್ರೆ ನುಂಗಿಸಬೇಡಿರಿ. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚೀತು. ಜ್ವರ ಬಿಟ್ಟು ವಾರದ ಮೇಲೆ ಮತ್ತೆ ಬರುವುದುಂಟು, ಎಚ್ಚರವಿರಲಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡದು. ರೋಗಿಯ ಮನೆಯನ್ನು ದೂರವಿಡಬೇಡಿರಿ.

4. ದನಗಳ ಉಣ್ಣೆಗೆ ಪಶುವೈದ್ಯರಿಂದ ಔಷಧಿ ಹಾಕಿಸುವುದು.

ಅಧಿಕಾರಿಗಳಿಗೂ ಒಂದು ಮಾತು. ಮಂಗ ಸತ್ತ ಸುದ್ದಿ ಕೊಟ್ಟವರಿಗೆ ಪರೀಕ್ಷೆಯ ಫಲಿತಾಂಶವನ್ನು ತಪ್ಪದೆ ತಿಳಿಸಬೇಕು. ಉತ್ತರ ಸಿಗದವರು ಮುಂದಿನ ಸಲ ಸುದ್ದಿ ಕೊಡುವುದಿಲ್ಲ.

ಉಣ್ಣೆ ಮರಿಗಳ ಕಾಟ ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಾಗದು. ಮಳೆಗಾಲ ಮುಗಿಯುತ್ತಲೇ ಇದನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ, ಅಂದೇ ನಿಮ್ಮ ಕೇರಿಯ ಇಬ್ಬರ ಹೆಸರು ಬರೆದಿಡಿರಿ.