ಕಣ್ಣು ಬಿಡದ ಮರಿಗಳಿಗೆ ಹಸುವಿನ ಹಾಲೇ?

ಪ್ರಶ್ನೆ: ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಮೂರು ಬೆಕ್ಕಿನ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಹೋಗಿದ್ದಾರೆ. ಇನ್ನೂ ಕಣ್ಣು ಬಿಟ್ಟಿಲ್ಲ. ಹಸುವಿನ ಹಾಲು ಕುಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಅದರಲ್ಲಿರುವ ಲ್ಯಾಕ್ಟೋಸ್ ಮರಿಗಳಿಗೆ ಸರಿಯಾಗಿ ಅರಗುವುದಿಲ್ಲ. ಭೇದಿ ಹಿಡಿದರೆ ಅಂಗೈಯಗಲದ ಜೀವ ಬೇಗ ಬಾಡಿಹೋಗುತ್ತದೆ.

ಹಾಲಿಗಿಂತ ಮೊದಲು ಅವಕ್ಕೆ ಬೇಕಾದದ್ದು ಕಾವು. ಕಣ್ಣು ಬಿಟ್ಟಿಲ್ಲವೆಂದರೆ ಹುಟ್ಟಿ ಎರಡು ವಾರವೂ ಆಗಿರಲಾರದು. ಆ ವಯಸ್ಸಿನಲ್ಲಿ ಮೈಕಾವನ್ನು ತಾವೇ ಕಾಪಾಡಿಕೊಳ್ಳಲಾರವು. ಬಿಸಿನೀರಿನ ಬಾಟಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಮೈ ಬೆಚ್ಚಗಾದ ಮೇಲಷ್ಟೇ, ಮರಿಬೆಕ್ಕಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕಲಸಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಿ. ರಾತ್ರಿಯೂ ಏಳಬೇಕು! ಅಂಗಾತ ಹಿಡಿಯಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿದೀತು, ಬೋರಲಾಗಿಯೇ ಇರಲಿ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿ. ತಾಯಿ ನೆಕ್ಕುವ ಆ ಸ್ಪರ್ಶವಿಲ್ಲದೆ ಅವು ಮೂತ್ರ ಮಾಡಲಾರವು. ಸಾಧ್ಯವಾದರೆ ಇಂದೇ ಪಶುವೈದ್ಯರಿಗೆ ತೋರಿಸಿ.

ಡಬ್ಬದಲ್ಲಿಟ್ಟು ಹೋದವರ ಬಗ್ಗೆ ನನಗೆ ಸಿಟ್ಟಿದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ. 'ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ' ಎಂದು ಕಾಯುವ ಮನೆಗಳಿಂದಲೇ ಇಂಥ ಡಬ್ಬಗಳು ಬೀದಿಗೆ ಬರುತ್ತವೆ. ಈ ಮೂರನ್ನು ನೀವೇ ಸಾಕಿದರೂ, ಬೇರೆಯವರಿಗೆ ಕೊಟ್ಟರೂ ಸಂತಾನಹರಣ ಚಿಕಿತ್ಸೆಯ ಮಾತನ್ನು ಈಗಲೇ ಆಡಿಬಿಡಿ. ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ.