‘ನಾಗರಹಾವು’: ಓದಿದವರೂ ನೋಡಿದವರೂ
1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದಾಗ ಜಗಳೂರು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತು. ಇಲ್ಲಿಯವರಿಗೆ ಅದು ತಮ್ಮ ದುರ್ಗದ ಕಥೆ. ಜನರು ಮನಸಾರೆ ಮೆಚ್ಚಿದರು, ಕಾದಂಬರಿಕಾರರಾದ ತ. ರಾ. ಸುಬ್ಬರಾಯರು ಮಾತ್ರ ಮೆಚ್ಚಲಿಲ್ಲ. ತಮ್ಮ ನಾಗರವು ಕೇರೆಯಾಯಿತೆಂಬುದು ಅವರ ದೂರು. ಅದು ನಿರಾಧಾರವೆಂದು ನಾವು ಹೇಳಲಾರೆವು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರದಲ್ಲಿ ಅಡಕಮಾಡಹೊರಟರೆ ರಾಮಾಚಾರಿಯ ಅಂತರಂಗಕ್ಕೆ ಎಡೆಯೆಲ್ಲಿ? ಓದಿದವನು ಬರಿದೆ ನೋಡಿದವನೊಡನೆ ವಾದಕ್ಕಿಳಿಯುವುದು ಸಹಜವೇ ಸರಿ. ಆದರೆ ಒಂದು ಹಾಡಿನ ಅವಧಿಯಲ್ಲಿ ಒನಕೆ ಓಬವ್ವನು ಕಿಂಡಿಯ ಬಳಿ ನಿಂತು ಹೋರಾಡಿದ ಆ ದೃಶ್ಯದ ಮುಂದೆ ಈ ವಾದವೂ ಮೌನವಾಗುತ್ತದೆ. ಕಾದಂಬರಿಯನ್ನು ಕೈಯಲ್ಲಿ ಹಿಡಿಯದ ಅನೇಕರಿಗೆ ಓಬವ್ವನ ಮುಖವೆಂದರೆ ಇಂದಿಗೂ ಜಯಂತಿಯವರ ಮುಖವೇ.